ಪೈಪು ಬಳಸಿ ಬಂದ ದಾರಿ

ಪೈಪಿಗೆ ಹಚ್ಚುವ ಅಂಟಿನ ಘಾಟು ಎಲ್ಲಿ ಮೂಗಿಗೆ ಬಡಿದರೂ ನನಗೆ ಗುಡ್ನಾಪುರದ ಆ ಬೇಸಿಗೆ ನೆನಪಾಗುತ್ತದೆ. ಅದಕ್ಕೂ ಮೊದಲು ನಮ್ಮದು ಕೂಡಿದ ಮನೆ. ಅಪ್ಪ, ದೊಡ್ಡಪ್ಪ ಒಂದೇ ಪಡಸಾಲೆಯಲ್ಲಿ ಕೂತು ಉಣ್ಣುತ್ತಿದ್ದರು. ದೊಡ್ಡವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೇ ನನಗೆ ಬೆಳಗಾಗುತ್ತಿತ್ತು. ಪಾಲಾದ ಮೇಲೆ ನಡುವೆ ಗೋಡೆ ಎದ್ದಿತು, ಮಾತು ನಿಂತಿತು. ಅಂಥ ಮನೆ ಕಳೆದುಕೊಂಡವರಿಗೆ ಗೊತ್ತು, ಗೋಡೆಯಾಚೆಯ ಒಗ್ಗರಣೆಯ ವಾಸನೆ ಎಷ್ಟು ನೋಯಿಸುತ್ತದೆಂದು. ಅದನ್ನು ತಾಳಲಾರದೆ ಅಪ್ಪ ಕೆರೆ ಹಾದಿಯ ಹೊಲದಲ್ಲಿ ಹೊಸ ಮನೆಗೆ ಪಾಯ ತೆಗೆಸಿದ. ಪಂಚಾಯ್ತಿ ನೀರಿನ ಪೈಪು ರಸ್ತೆಯಲ್ಲಿತ್ತು. ರಸ್ತೆಗೂ ನಮ್ಮ ಪಾಯಕ್ಕೂ ನಡುವೆ ದೊಡ್ಡಪ್ಪನ ಪಾಲಿಗೆ ಬಂದ ಹೊಲದ ಪಟ್ಟಿ. ಪೈಪು ಹೂಳಲು ಕಾಲುವೆ ತೋಡಲು ಬಿಡಿ ಎಂದು ಹಿರಿಯರ ಕೈಲಿ ಎರಡು ಸಲ ಕೇಳಿಸಿದರೂ ಬಂದ ಉತ್ತರ ಒಂದೇ: "ಆಗೂದಿಲ್ಲ." ಕಾರಣ ಹೇಳಲಿಲ್ಲ. ಹೊಟ್ಟೆಕಿಚ್ಚು ಎಂದುಕೊಂಡೆವು.

ಕಂಬಗಳಿಗೆ ಕಾಂಕ್ರೀಟು ಹಾಕಿದ ಮರುದಿನ ಬಿಸಿಲು ಸುಡುತ್ತಿತ್ತು. "ನೀರು ಕುಡಿಸ್ದಿದ್ರ ಸೀಳ್ತಾವ್ ನೋಡ್ರಿ" ಎಂದು ಗೌಂಡಿ ಎಚ್ಚರಿಸಿದ್ದ. ಅವ್ವ, ನಾನು ಬೆಳಗಿನಿಂದ ಕೆರೆಯ ನೀರು ಹೊತ್ತೆವು; ಒಂದು ಕೊಡ ಸುರುವಿ ಇನ್ನೊಂದು ತರುವಷ್ಟರಲ್ಲಿ ಕಂಬಕ್ಕೆ ಸುತ್ತಿದ ಗೋಣಿಚೀಲ ಒಣಗಿರುತ್ತಿತ್ತು. ಊರಿಗೆ ನೀರು ಬಿಡುವ ಫಕೀರಪ್ಪ ಅವತ್ತೇ ನಮ್ಮ ಸಲುವಾಗಿ ವಾಲ್ವ್ ಮುಚ್ಚಿ ಕೂತಿದ್ದ. "ಸಂಜಿತನಕ ಊರಿಗೆ ನೀರಿಲ್ರಿ. ಅಷ್ಟರಾಗ ಜೋಡಿಸ್ಬೇಕು, ಇಲ್ಲಾಂದ್ರ ನಾ ಹೊಂಟೆ" ಎಂದ. ಅಪ್ಪ ಮತ್ತೆ ಹಿರಿಯರ ಮನೆಗೆ ಓಡಿದ. ಹೊತ್ತು ಇಳಿಯಿತು, ಅಪ್ಪ ಬರಲಿಲ್ಲ. ಅವ್ವ ಒಮ್ಮೆ ರಸ್ತೆಯ ಕಡೆ ನೋಡಿದಳು, ಸೆರಗು ಸಿಕ್ಕಿಸಿದಳು, ಗುದ್ದಲಿ ಹಿಡಿದು ಬದು ದಾಟಿದಳು.

ನಾಲ್ಕು ಮಾರು ಅಗೆದಿರಬೇಕು, ದೊಡ್ಡಪ್ಪ ಓಡುತ್ತ ಬಂದ. ಅಂಗಿಯೂ ಇರಲಿಲ್ಲ ಮೈಮೇಲೆ. ಗುದ್ದಲಿಯ ಕಾವು ಹಿಡಿದು ಗುಡುಗಿದ: "ಬಿಡು ತಂಗಿ. ಇಲ್ಲಿ ಅಗೀಬ್ಯಾಡ."

"ಯಾಕ್ರಿ ಭಾವಾರ? ಒಂದ್ ಗೇಣು ಮಣ್ಣು ಸರಿಸಿದ್ರ ನಿಮ್ದೇನ್ ಹೊಕ್ಕೈತಿ?"

ಅವ್ವ ಬಿಡಲಿಲ್ಲ, ಅವನೂ ಬಿಡಲಿಲ್ಲ. ಇಬ್ಬರೂ ಗುದ್ದಲಿಯನ್ನು ತಮ್ಮ ಕಡೆಗೆ ಎಳೆದರು. ಫಕೀರಪ್ಪ ಎದ್ದು ನಿಂತ. ಯಾರಿಗಾದರೂ ಪೆಟ್ಟಾಗುತ್ತದೆಂದು ನಾನು ಅಳತೊಡಗಿದೆ. ಆಗ ಹಿಂದಿನಿಂದ ದೊಡ್ಡವ್ವ ಬಂದಳು. ಅವಸರವಿರಲಿಲ್ಲ. ಕಾಲುವೆಯ ತುದಿಯಿಂದ ಎರಡೇ ಹೆಜ್ಜೆ ಮುಂದೆ, ಬರಿಯ ನೆಲದ ಮೇಲೆ ಕೂತುಬಿಟ್ಟಳು.

"ಇಲ್ಲಿ ನನ್ನ ಕೂಸೈತಿ, ಶಾಂತವ್ವಾ."

ಅವ್ವನ ಕೈ ತಾನಾಗಿಯೇ ಸಡಿಲಿತು. ದೊಡ್ಡವ್ವನಿಗೆ ಮಕ್ಕಳಾಗಿಲ್ಲವೆಂದೇ ನಾವೆಲ್ಲ ತಿಳಿದಿದ್ದೆವು. ಹನ್ನೊಂದು ದಿನ ಬದುಕಿದ್ದ ಹೆಣ್ಣುಕೂಸಂತೆ. ಅಪ್ಪ ಆಗ ಬೇರೆ ಊರಲ್ಲಿ ಸೋದರಮಾವನ ಮನೆಯಲ್ಲಿದ್ದು ಶಾಲೆ ಕಲಿಯುತ್ತಿದ್ದನಂತೆ. ಬಂದಾಗ ಯಾರೂ ಅವನಿಗೆ ಹೇಳಿರಲಿಲ್ಲ. ಮಣ್ಣು ಕೊಟ್ಟ ಜಾಗದಲ್ಲಿ ಒಂದು ಕಲ್ಲು ಸಹ ನೆಟ್ಟಿರಲಿಲ್ಲ.

"ಹೇಳಬಾರದಿತ್ತೇನ್ರಿ?" ಅವ್ವನ ದನಿ ಸಣ್ಣದಾಗಿತ್ತು.

ದೊಡ್ಡಪ್ಪ ಗುದ್ದಲಿ ತೆಗೆದುಕೊಂಡು, ಹೆಂಡತಿ ಕೂತ ಜಾಗವನ್ನು ದೂರದಿಂದ ಬಳಸಿ ತಾನೇ ಅಗೆಯತೊಡಗಿದ. ದಾರಿ ಉದ್ದವಾಯಿತು, ತಂದ ಪೈಪು ಸಾಲದಾಯಿತು. ಫಕೀರಪ್ಪ ಇಳಿಯುತ್ತಿದ್ದ ಬಿಸಿಲನ್ನು ನೋಡಿದ. ದೊಡ್ಡಪ್ಪ ಹೋಗಿ, ತನ್ನ ದನಗಳು ನೀರು ಕುಡಿಯುವ ದೋಣಿಗೆ ಹಾಕಿದ್ದ ಪೈಪನ್ನು ಕಿತ್ತು ಹೆಗಲ ಮೇಲೆ ಹೊತ್ತು ತಂದ. ಅಂಟು ಹಚ್ಚುವಾಗ ಅಪ್ಪ ಬಂದ. ಏನು ನಡೆಯಿತೆಂದು ಕೇಳದೆ ಅಣ್ಣನ ಎದುರು ಕುಕ್ಕರಗಾಲಲ್ಲಿ ಕೂತು ಪೈಪಿನ ಇನ್ನೊಂದು ತುದಿ ಹಿಡಿದ. ಸೂರ್ಯ ಕೆರೆಯ ಕಡೆ ಇಳಿಯುವ ಹೊತ್ತಿಗೆ ಪೈಪು ಕೆಮ್ಮಿ, ಕೆಂಪು ನೀರು ಕಾರಿ, ಕೊನೆಗೆ ತಿಳಿಯಾಗಿ ಹರಿಯಿತು. ಕಂಬಗಳು ಉಳಿದವು.

ಗೋಡೆ ಹಾಗೇ ಇತ್ತು, ಪಾಲೂ ಹಾಗೇ. ಮಾತು ಮಾತ್ರ ಸ್ವಲ್ಪ ಸ್ವಲ್ಪ ಬಂತು. ಆ ಹಳೆಯ ಮನೆ ಈಗಿಲ್ಲ. ದೊಡ್ಡಪ್ಪ ಹೋದ, ಅವನ ಹಿಂದೆ ಅವ್ವ, ಅಪ್ಪ. ಹೋದ ವರ್ಷ ದೊಡ್ಡವ್ವನೂ. ಪೈಪಿನಲ್ಲಿ ನೀರು ಬಂದ ಆ ಸಂಜೆ ಎಲ್ಲರೂ ಅದರ ಸುತ್ತ ನೆರೆದಿದ್ದಾಗ ಅವಳು ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡಿದ್ದಳು. "ಕೂಸಿಗೆ ನೀಲವ್ವ ಅಂತ ಹೆಸರಿಟ್ಟಿದ್ವಿ" ಎಂದು ಕಿವಿಯಲ್ಲಿ ಹೇಳಿದ್ದಳು. ಆ ಹೆಸರು ಬಲ್ಲವಳು ಈಗ ನಾನೊಬ್ಬಳೇ.