ಯೋರುನ್ ನೇಯ್ದ ಹಾಯಿ

ನಮ್ಮ ಚಿಕ್ಕಮ್ಮ ಯೋರುನ್ ನೇಯ್ದ ಹಾಯಿ ಕಟ್ಟಿಕೊಂಡು ಹೋಗಿ ಪರರ ಊರು ಕೊಳ್ಳೆ ಹೊಡೆದವರೆಲ್ಲ ಹಾಡುಗಳಲ್ಲಿ ಸೇರಿಕೊಂಡರು. ಎರಡು ಚಳಿಗಾಲ ಮಗ್ಗದ ಮುಂದೆ ನಿಂತೇ ನೇಯ್ದವಳ ಹೆಸರು ಒಂದರಲ್ಲೂ ಇಲ್ಲ. ನನಗೆ ಅದೇ ಸಿಟ್ಟು.

ನೇಯುವಾಗ ಅವಳು ಕನಸಿನಲ್ಲಿದ್ದಂತೆ ಇರುತ್ತಿದ್ದಳು. ಕೈ ಉಣ್ಣೆಯಲ್ಲಿ, ಕಣ್ಣು ಕಡಲಿನಾಚೆ ಎಲ್ಲೋ. ಬೂದು ನೂಲು ಮುಗಿದದ್ದೂ ತಿಳಿಯದೆ ಕರಿ ಕುರಿಯ ನೂಲಿನಲ್ಲಿ ಒಂದು ಗೇಣು ನೇಯ್ದುಬಿಟ್ಟಳು. ಗಂಡ ಕೆಟಿಲ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಏನೇ ಇದು, ಹಾಯಿಗೆ ಮೀಸೆ ಇಟ್ಟಿದ್ದೀಯಲ್ಲ!"

"ನಿನ್ನ ಮೀಸೆಗಿಂತ ದಪ್ಪಗಿದೆ, ಸುಮ್ನಿರು."

ಹಡಗು ಹೊರಟಾಗ ಅದರ ಮೂತಿಗೆ ಮರದ ಘಟಸರ್ಪದ ತಲೆ ಸಿಕ್ಕಿಸುವುದು, ವಾಪಸು ಬರುವಾಗ ನಮ್ಮ ನೆಲ ಕಾಣುವ ಮೊದಲೇ ಅದನ್ನು ಕಳಚಿಡುವುದು ಕೆಟಿಲ್‌ನ ಕೆಲಸ. ಬಾಯಿ ತೆರೆದ ಆ ತಲೆ ಕಂಡರೆ ನೆಲದ ದೈವಗಳು ಬೆದರಿ ಓಡುತ್ತವೆ, ಆಮೇಲೆ ಹುಲ್ಲೂ ಬೆಳೆಯುವುದಿಲ್ಲ. ಬೇರೆ ಯಾರಾದರೂ ಅದನ್ನು ಮುಟ್ಟಿದರೆ ಕೆಟಿಲ್ ಹಾರಾಡುತ್ತಿದ್ದ.

"ತಲೆ ಇಳಿಸಿರೋ ಹಡಗು ಕಂಡ್ರೆ ನಾನೇ ಅಂದ್ಕೊ, ಗಂಜಿ ಒಲೆಗಿಡು," ಎಂದು ಹೇಳಿ ಆ ಬೇಸಿಗೆ ಹೊರಟ.

ಹುಲ್ಲು ಕೊಯ್ದು ಮುಗಿದು, ಹಡಗು ಮರಳುವ ಕಾಲ ಬಂದ ಮೇಲೆ ಯೋರುನ್ ದಿನಾ ಒಂದು ಪಾಲು ಹೆಚ್ಚಿಗೆ ಗಂಜಿ ಬೇಯಿಸತೊಡಗಿದಳು. ಒಂದು ಬೆಳಿಗ್ಗೆ ಕೊಲ್ಲಿಯ ತುಂಬ ಮಂಜು. ಕಡಲೆಲ್ಲಿ ಮುಗಿಯಿತು, ಆಕಾಶವೆಲ್ಲಿ ಶುರುವಾಯಿತು ಎಂದು ತಿಳಿಯದು. ಮೊದಲು ಹುಟ್ಟು ಹಾಕುವ ಸದ್ದು ಬಂತು. ಆಮೇಲೆ ಬಿಳುಪಿನೊಳಗಿಂದ ಘಟಸರ್ಪದ ತಲೆ ತೇಲಿಬಂತು.

"ಅಯ್ಯೋ, ಕೊಳ್ಳೆಗಾರರು!"

ಹಾಗೆ ಕಿರುಚಿದವರು ಯಾರು ಅಂತೀರಿ? ಅದೇ ಕಸುಬಿನಲ್ಲಿ ಹಲ್ಲುದುರಿಸಿಕೊಂಡ ನಮ್ಮ ಮುದುಕರು! ಎಲ್ಲರೂ ಬಿಲ್ಲು ಎತ್ತಿದರು. ಅಷ್ಟರಲ್ಲಿ ಹಾಯಿ ಮೆಲ್ಲಗೆ ಮಂಜು ಬಿಡಿಸಿಕೊಂಡು ಕಾಣಿಸಿತು. ಯೋರುನ್ ಬಾಣಗಳ ಎದುರಿಗೇ ಓಡಿದಳು.

"ಬಿಡ್ಬೇಡ್ರೋ! ಆ ಕರಿ ಪಟ್ಟೆ ನಂದು! ನಮ್ಮೋರೇ, ನಮ್ಮೋರೇ!"

ಬಿಲ್ಲುಗಳು ಇಳಿದವು. ಮುದುಕ ಥೋರ್ಗಿಲ್ಸ್ ಗೊಣಗಿದ, "ಮತ್ತೆ ತಲೆ ಯಾಕೆ ಇಳಿಸಿಲ್ಲ? ನಿನ್ ಗಂಡ ನಿದ್ದೆ ಹೊಡೀತಿದಾನಾ?"

ನಗುತ್ತಿದ್ದ ಯೋರುನ್‌ಳ ನಗು ಹಾಗೇ ನಿಂತುಹೋಯಿತು. ಹಡಗು ಹತ್ತಿರವಾದಾಗ ಅದರಲ್ಲಿದ್ದ ಒಬ್ಬನೂ ಅವಳ ಕಡೆ ನೋಡಲಿಲ್ಲ. ಆಗ ನೆನಪಾಗಿ ಒಬ್ಬ ಗಡಿಬಿಡಿಯಲ್ಲಿ ತಲೆಯತ್ತ ಕೈ ಚಾಚಿದ.

"ಮುಟ್ಬೇಡ," ಎಂದಳು ಯೋರುನ್. "ಬೇರೆಯೋರು ಮುಟ್ಟಿದ್ರೆ ಅವನಿಗಾಗಲ್ಲ."

ಸೊಂಟದವರೆಗಿನ ತಣ್ಣೀರಿಗೆ ಇಳಿದು ಹೋಗಿ, ಆ ತಲೆಯನ್ನು ತಾನೇ ಕಳಚಿ, ಎದೆಗವಚಿಕೊಂಡು ಮನೆಗೆ ತಂದಳು.