"ಅಂಕಲ್, ನೀವು ಹಿಡೀರಿ!"

ಆ ಚೆಂಡು ಇನ್ನೂ ಕೆಳಗೆ ಬಂದಿಲ್ಲ.

ಶನಿವಾರವೇ ಕೆಳಗೆ ಬಂತು ಎಂದು ಮನೆಯವರೆಲ್ಲ ಹೇಳುತ್ತಾರೆ. ಅವರ ಪಾಲಿಗೆ ಬಂದಿರಬಹುದು. ನನ್ನ ತಲೆಯೊಳಗೆ ಅದು ಇನ್ನೂ ಆಕಾಶದಲ್ಲೇ ಇದೆ. ಐ-ಟೆನ್ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ನಿಂತಾಗ ಕಾಣುತ್ತದೆ. ಈರುಳ್ಳಿ ಹೆಚ್ಚುವಾಗ ಕಾಣುತ್ತದೆ. ಮೊನ್ನೆ ಆಫೀಸ್ ಮೀಟಿಂಗಿನಲ್ಲಿ ಯಾರೋ ಪೆನ್ನು ಬೀಳಿಸಿದರು, ನಾನು ತಲೆಯ ಮೇಲೆ ಎರಡೂ ಕೈಯಿಟ್ಟುಕೊಂಡೆ. (ಎಲ್ಲರೂ ನೋಡಿದರು. ನೋಡಲಿ ಬಿಡಿ.)

ಕೇಟಿ ಎಂಬ ಊರಿನ ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ಪುಟ್ಟ ಸ್ಟೇಡಿಯಂ ಒಂದರಲ್ಲಿ ಮೈನರ್ ಲೀಗ್ ಬೇಸ್‌ಬಾಲ್ ತಂಡವೊಂದು ಆಡುತ್ತದೆ. ಮೈನರ್ ಲೀಗ್ ಎಂದರೆ ನಮ್ಮ ರಣಜಿಗಿಂತಲೂ ಒಂದು ಮೆಟ್ಟಿಲು ಕೆಳಗೆ ಅಂದುಕೊಳ್ಳಿ. ಹುಡುಗರಿಗೆಲ್ಲ ಇಪ್ಪತ್ತರ ಆಸುಪಾಸು. ಚೆನ್ನಾಗಿ ಆಡಿದವರನ್ನು ಮೇಲಿನ ತಂಡ ಕರೆಸಿಕೊಳ್ಳುತ್ತದೆ. ಉಳಿದವರು ಬಸ್ಸಿನಲ್ಲಿ ಊರೂರು ಸುತ್ತುತ್ತಾ ಕಲಿಯುತ್ತಾರೆ. ಈ ಬೇಸಿಗೆಯಿಡೀ ಶನಿವಾರ ಸಂಜೆ ನಾವು ಅಲ್ಲೇ. ನಾನು, ಪತಿ ಪ್ರಶಾಂತ್, ಏಳು ವರ್ಷದ ಮಗಳು ಅದಿತಿ ಮತ್ತು ಪಕ್ಕದ ಮನೆಯ ಪಾಟೀಲ ಅಂಕಲ್.

ಅಂಕಲ್ ಹುಬ್ಬಳ್ಳಿಯವರು, ಕಾಲೇಜು ತಂಡದ ವಿಕೆಟ್ ಕೀಪರ್ ಆಗಿದ್ದವರು. ನಮ್ಮ ಸೀಟು ಆರಿಸಿದ್ದೂ ಅವರೇ. ಬ್ಯಾಟ್ ಬೀಸಿದವನು ಓಡಿ ಮುಟ್ಟಬೇಕಾದ ಮೂರನೇ ಬೇಸ್ ದಾಟಿ, ಪ್ರೇಕ್ಷಕರ ರಕ್ಷಣೆಗೆ ಕಟ್ಟಿರುವ ನೆಟ್ ಎಲ್ಲಿ ಮುಗಿಯುತ್ತದೋ ಅಲ್ಲೇ, ಮೊದಲ ಸಾಲು.

"ನೆಟ್ಟಿನ ಹಿಂದ ಕುಂತು ಆಟ ನೋಡೂದಂದ್ರ ಝೂನ್ಯಾಗ ಹುಲಿ ನೋಡಿದಂಗ ಆಗತದವಾ," ಎಂದಿದ್ದರು.

ಶುರುವಿನಲ್ಲಿ ನಮ್ಮ ತಂಡ ಎಷ್ಟು ಚಂದ ಸೋಲುತ್ತಿತ್ತು! ಒಂದು ಸಂಜೆ ಮೂರನೇ ಬೇಸ್ ಕಾಯುವ ರಮೋನ್ ಮತ್ತು ಅವನ ಪಕ್ಕದ ಫೀಲ್ಡರ್ ಒಂದೇ ಕ್ಯಾಚಿಗೆ ಓಡಿಬಂದರು. ಅವನು ಹಿಡಿಯಲಿ ಎಂದು ಇವನು ನಿಂತ. ಇವನು ಹಿಡಿಯಲಿ ಎಂದು ಅವನು ನಿಂತ. ಚೆಂಡು ಇಬ್ಬರ ನಡುವೆ ಆರಾಮಾಗಿ ನೆಲ ಸೇರಿತು.

"ಬಾಯಿ ಇಲ್ಲೇನಲೇ ನಿಮಗ? ನಂದು ಅಂತ ಒದರ್ರಲೇ!" ಅಂಕಲ್ ರೇಲಿಂಗ್ ಬಡಿದರು.

ರಮೋನ್‌ಗೆ ಕನ್ನಡ ಎಲ್ಲಿಂದ ಬರಬೇಕು? ತಿರುಗಿ ನೋಡಿ ಪೆಚ್ಚಾಗಿ ನಕ್ಕ. ಅವತ್ತಿನಿಂದ ಅವನು ನಮ್ಮವನಾದ.

ಆಮೇಲೆ ಏನಾಯಿತು ಗೊತ್ತೇ? ವಾರ ವಾರ ಹುಡುಗರು ಬದಲಾದರು! "ಐ ಗಾಟ್ ಇಟ್!" ಎನ್ನುವ ಕೂಗು ನಮ್ಮ ಸಾಲಿಗೂ ಕೇಳತೊಡಗಿತು. ಒಬ್ಬ ಕೂಗಿದರೆ ಇನ್ನೊಬ್ಬ ಸರಿದು ದಾರಿ ಬಿಡುತ್ತಿದ್ದ. ಗೆಲುವುಗಳು ಬಂದವು. ಟಿವಿಯಲ್ಲಿ ಕಾಣುವ ದೊಡ್ಡ ತಂಡಗಳು ಈ ಸುಖ ಕೊಡುವುದಿಲ್ಲ. ಅವು ರೆಡಿಯಾಗಿಯೇ ಬರುತ್ತವೆ. ಕಣ್ಣೆದುರೇ ಒಂದು ತಂಡ ತಂಡವಾಗುವುದನ್ನು ನೋಡಿದ್ದೀರಾ? ಒಮ್ಮೆ ನೋಡಿ.

ಈಗ ಆ ಶನಿವಾರಕ್ಕೆ ಬರೋಣ. ಕೊನೆಯ ಇನಿಂಗ್ಸ್. ನಾವು ಒಂದೇ ಒಂದು ರನ್ ಮುಂದೆ. ಒಂದು ಔಟ್ ಸಿಕ್ಕರೆ ಗೆಲುವು. ಎದುರಾಳಿ ಬೀಸಿದ. ಚೆಂಡು ಬ್ಯಾಟಿನ ಅಂಚಿಗೆ ತಗುಲಿ ನೆಟ್ಟಗೆ ಮೇಲೇರಿತು, ನಮ್ಮ ಕಡೆಗೆ ವಾಲಿತು. ಅದು ಕ್ರಿಕೆಟ್ಟಿನ ಲೆದರ್ ಬಾಲಿನಷ್ಟೇ ಗಟ್ಟಿ. ಇಂಥ ಚೆಂಡನ್ನು ಪ್ರೇಕ್ಷಕರು ಹಿಡಿದರೆ ಅದು ಅವರದೇ, ಫೀಲ್ಡರ್ ರೇಲಿಂಗ್ ದಾಟಿ ಕೈಚಾಚಿ ಹಿಡಿದರೂ ಔಟ್.

ನಮ್ಮ ಸಾಲಿನ ಗಂಡಸರಿಬ್ಬರೂ ಎದ್ದು ನಿಂತರು. ಕೈ ಬೊಗಸೆಯಾಯಿತು. ಕ್ರಿಕೆಟ್ ರಕ್ತ!

"ಅಂಕಲ್, ನೀವು ಹಿಡೀರಿ," ಎಂದ ಪ್ರಶಾಂತ್.

"ಏ ಇಲ್ರೀ, ಸಣ್ಣ ವಯಸ್ಸಿನವ್ರು ನೀವು. ನೀವ ಹಿಡೀರಿ."

"ಅಯ್ಯೋ, ನೀವು ಕೀಪರ್ರು..."

ಅವರಿಗೆಂದು ಇವರು ಈ ಕಡೆ ಸರಿದರು. ಇವರಿಗೆಂದು ಅವರು ಆ ಕಡೆ ಸರಿದರು. ನಡುವಿನ ಜಾಗದಲ್ಲಿ ಅದಿತಿ ತಲೆ ತಗ್ಗಿಸಿ, ನಾಚೋಸನ್ನು ಚೀಸ್‌ನಲ್ಲಿ ಅದ್ದುತ್ತಾ ಕೂತಿದ್ದಳು.

ನನಗೂ ಅವಳಿಗೂ ನಡುವೆ ಪ್ರಶಾಂತನ ಬೆನ್ನು. ಬಾಯಿ ತೆರೆದೆ. ಮಗಳ ಹೆಸರು ಬಾಯಿಗೆ ಬರಲಿಲ್ಲ.

"ಐ ಗಾಟ್ ಇಟ್! ಐ ಗಾಟ್ ಇಟ್!"

ರಮೋನ್ ಓಡಿ ಬಂದವನೇ ರೇಲಿಂಗ್ ಮೇಲೆ ಬಿದ್ದ. ಹೊಟ್ಟೆ ಕಂಬಿಯ ಮೇಲೆ, ಕಾಲು ಗಾಳಿಯಲ್ಲಿ, ಗ್ಲೌಸು ಅದಿತಿಯ ಜಡೆಯ ಮೇಲೆ. ಥಪ್!

ಔಟ್! ಗೆದ್ದೆವು! ಇಡೀ ಸ್ಟೇಡಿಯಂ ಎದ್ದು ಕುಣಿಯಿತು. ನಾನು ಅತ್ತೆ, ಕಿರುಚಿದೆ, ಗುರುತಿಲ್ಲದ ಹೆಂಗಸೊಬ್ಬರನ್ನು ತಬ್ಬಿಕೊಂಡೆ. ಅದು ಗೆದ್ದ ಖುಷಿಯೋ, ಉಳಿದ ಜೀವದ ನಡುಕವೋ? ಇವತ್ತಿಗೂ ಗೊತ್ತಾಗುತ್ತಿಲ್ಲ.

"ಯು ಓಕೆ?" ರಮೋನ್ ಏದುಸಿರಿನಲ್ಲಿ ಕೇಳಿದ.

"ಯು ಸ್ಪಿಲ್ಡ್ ಮೈ ನಾಚೋಸ್," ಎಂದಳು ನನ್ನ ಮಗಳು.

ವಾಪಸು ಬರುವಾಗ ಕಾರಿನಲ್ಲಿ ಅಂಕಲ್ ಮೆಲ್ಲಗೆ ಪ್ರಶಾಂತನಿಗೆ, "ನೀವ ಹಿಡೀಬೇಕಿತ್ರೀ," ಎಂದರು.

ನಮ್ಮ ಜನರ ಪಾರ್ಟಿಗಳಲ್ಲಿ ತಟ್ಟೆಯ ಕೊನೆಯ ಹೋಳಿಗೆ ಯಾವಾಗಲೂ ಉಳಿದೇ ಇರುತ್ತದೆ, ಗಮನಿಸಿದ್ದೀರಾ? ಬಾಗಿಲಲ್ಲಿ "ನೀವು ಮೊದಲು" ಎನ್ನುತ್ತಾ ಎಸಿಯ ತಂಪೆಲ್ಲ ಹೊರಗೆ ಹೋಗುತ್ತದೆ. ಚಂದವೇ, ಬೇಡ ಎನ್ನುವುದಿಲ್ಲ. ಆದರೆ ಹೋಳಿಗೆ ಕಾಯುತ್ತದೆ. ಚೆಂಡು ಕಾಯುತ್ತದೆಯೇ? ಆ ಇಪ್ಪತ್ತರ ಹುಡುಗರು ಒಂದು ಬೇಸಿಗೆಯಲ್ಲಿ ಕಲಿತದ್ದನ್ನು, ಅವರಿಗೆ ರೇಲಿಂಗ್ ಬಡಿದು ಪಾಠ ಹೇಳಿದ ನಾವು ಕಲಿತಿರಲಿಲ್ಲ.

ಮಂಗಳವಾರ ಸುದ್ದಿ ಬಂತು. ರಮೋನ್‌ಗೆ ಪ್ರಮೋಷನ್! ಆಸ್ಟಿನ್ ಕಡೆಯ, ಮೇಲಿನ ಹಂತದ ತಂಡಕ್ಕೆ ಹೋಗುತ್ತಿದ್ದಾನೆ. ಅದಿತಿ ಸೋಫಾದ ಮೇಲೆ ಕುಣಿದಳು. ಅಲ್ಲಿ ಅವನ ಮೊದಲ ಆಟಕ್ಕೆ ನಾವು ಹೋಗಲೇಬೇಕು ಎಂದು ಅಂಕಲ್ ಅವತ್ತು ಸಂಜೆಯೇ ನಮ್ಮ ಮನೆಗೆ ಬಂದರು.

"ಯಾರು ಡ್ರೈವ್ ಮಾಡೋದು ಅಂಕಲ್? ನೀವು ಹೇಳಿದ ಹಾಗೆ," ಎಂದ ಪ್ರಶಾಂತ್.

"ಛೇ ಛೇ, ನೀವು ಹೆಂಗಂತೀರಿ ಹಂಗ."

"ಸೀಟು ಎಲ್ಲಿ ತಗೊಳ್ಳೋಣ?"

"ಅದೂ ನಿಮ್ಮಿಷ್ಟರೀ..."

ಕಾರಿನ ಕೀ ಟೇಬಲ್ ಮೇಲಿತ್ತು. "ನಂದು!" ಎಂದು ಕೂಗಿದೆ. ಇಬ್ಬರೂ ಬೆಚ್ಚಿ ಸರಿದು ದಾರಿ ಬಿಟ್ಟರು. ಟಿಕೆಟ್ಟನ್ನೂ ನಾನೇ ಬುಕ್ ಮಾಡಿದೆ. ನೆಟ್ಟಿನ ಹಿಂದೆ, ನಟ್ಟ ನಡುವೆ.

ಹುಲಿಯನ್ನು ಝೂನಲ್ಲೇ ನೋಡಿದರೆ ಏನೀಗ?