ತಾಮ್ರದ ತಂಬಿಗೆಯಲ್ಲಿ ಗಾಳಿಗಿಡ

ಪಕ್ಕದ ಮನೆಯವರು ಹಬ್ಬಕ್ಕೆಂದು ಹುಣಸೆಹಣ್ಣು ಹಚ್ಚಿ ತಾಮ್ರ ತಿಕ್ಕುತ್ತಿದ್ದಾರೆ. ರಾಯಾಪುರದ ಈ ನನ್ನ ಬಾಡಿಗೆ ಖೋಲಿಯವರೆಗೂ ಆ ಹುಳಿ ವಾಸನೆ ಬರುತ್ತಿದೆ. ನಿಮಗದು ಹಬ್ಬದ ವಾಸನೆ ಇರಬಹುದು. ನನಗೆ ಮೈ ಉರಿಯುತ್ತದೆ.

ಗಂಡನ ಮನೆ ಬಿಟ್ಟು ಬಂದ ಮೇಲೆ ಕೆಲವು ವರ್ಷ ಬೈರಿದೇವರಕೊಪ್ಪದಲ್ಲಿ ಅಣ್ಣನ ಮನೆಯಲ್ಲಿದ್ದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಅಲ್ಲಿ ಯಾರೂ ಬಾಯಿಬಿಟ್ಟು ಅನ್ನಲಿಲ್ಲ, ಅಷ್ಟು ಸಭ್ಯರು. ಅಂಗಳದ ತುಂಬ ಅಣ್ಣನ ಹೆಂಡತಿ, ನನ್ನ ವೈನಿಯ ಗುಲಾಬಿ, ಮಾಳಿಗೆಯ ತುಂಬ ವೈನಿಯ ಕುಂಡಗಳು. ಹೀಗಿರುವಾಗ ನರ್ಸರಿಯವನು, "ಇದಕ್ಕ ಮಣ್ಣ ಬ್ಯಾಡ್ರಿ ಅಕ್ಕಾರ. ವಾರಕ್ಕೊಮ್ಮೆ ನೀರಾಗ ಅದ್ದಿ, ಬೋರಲು ಹಾಕಿ ಒಣಗಿಸ್ರಿ, ಮುಗೀತು" ಅಂದದ್ದೇ ತಡ, ಒಂದು ಗಾಳಿಗಿಡ ತಂದು ನನ್ನ ಖೋಲಿಯ ಕಿಟಕಿ ಸರಳಿಗೆ ದಾರದಿಂದ ಕಟ್ಟಿದೆ. ನಳದಲ್ಲಿ ನೀರು ಬಂದ ದಿನವೇ ಅದಕ್ಕೂ ಸ್ನಾನ. ನಮ್ಮ ಊರಿಗೆ ಹೇಳಿ ಮಾಡಿಸಿದ ಗಿಡ ನೋಡಿ, ನಮ್ಮ ಹಾಗೆಯೇ ನೀರಿಗೆ ಎಂಟು ದಿನ ಕಾಯುತ್ತದೆ.

ಅಣ್ಣನಿಗೂ ಅದು ಸೇರಿತು. "ನಿನ್ನಂಗ ಅದ ನೋಡು. ಜಾಗಾ ಬ್ಯಾಡ, ತ್ರಾಸಿಲ್ಲ" ಎಂದ. ಹೊಗಳಿಕೆ ಎಂದುಕೊಂಡು ನಾನೂ ಹಲ್ಲು ಕಿರಿದೆ, ಹುಚ್ಚಿ.

ಒಂದು ವರ್ಷ ಅದರ ಎಲೆಯ ತುದಿ ಕೆಂಪಾಗಿ ಹೂಬಿಡುವ ಲಕ್ಷಣ ಕಂಡಿತು. ಅದೇ ವಾರ ಪಾಠ ಮುಗಿಸಿ ಶಾಲೆಯಿಂದ ಬಂದು ನೋಡಿದರೆ ಕಿಟಕಿ ಬೋಳು. ಗಿಡ ಪಡಸಾಲೆಯಲ್ಲಿ, ವೈನಿಯ ಮದುವೆಯ ತಾಮ್ರದ ತಂಬಿಗೆಯಲ್ಲಿ, ಕುತ್ತಿಗೆಮಟ್ಟ ನೀರಿನಲ್ಲಿ ಕೂತಿತ್ತು.

"ಪಾಪ, ಗಾಳ್ಯಾಗ ಎಷ್ಟ ದಿನಾ ತೂಗಾಡಬೇಕ್ರಿ ಅದು? ತಾಮ್ರದ ನೀರು ಮನಷ್ಯಾರಿಗೇ ಅಮೃತ, ಗಿಡಕ್ಕ ಆಗೂದಿಲ್ಲೇನ್ರಿ?" ಎಂದಳು ವೈನಿ.

ಪ್ರೀತಿಯಿಂದಲೇ ಅಂದಳು, ಅದನ್ನು ಅಲ್ಲಗಳೆಯಲಾರೆ. ಅವಳ ತವರಿನ ತಂಬಿಗೆ, ಹೊರತೆಗೆದರೆ ನೊಂದಾಳು ಎಂದು ಸುಮ್ಮನಾದೆ. ಈ ಗಿಡಕ್ಕೆ ತಾಮ್ರವೇ ವಿಷವೆಂದು ಗೊತ್ತಾಗುವಷ್ಟರಲ್ಲಿ ಬುಡ ಕೊಳೆತು ಎಲೆಗಳು ಕೈಗೆ ಬಂದಿದ್ದವು.

ಆದರೆ ನಾನು ಅತ್ತದ್ದು ಗಿಡಕ್ಕಲ್ಲ. ಕಿಟಕಿಯಿಂದ ತೆಗೆದದ್ದಾದರೂ ಯಾಕೆ ಎಂದು ಕೇಳಿದ್ದಕ್ಕೆ ಅಣ್ಣ, "ಆ ಖೋಲಿ ನಿಮ್ಮ ವೈನಿ ತಮ್ಮಗ ಬೇಕಾಗೇದವಾ. ನೀ ಪಡಸಾಲ್ಯಾಗ ಹಾಸ್ಕೋ. ನಿನಗೇನು, ಎಲ್ಲಿದ್ರೂ ನಡೀತದ" ಎಂದ.

ಮರುತಿಂಗಳೇ ಈ ಖೋಲಿ ಹಿಡಿದೆ.

ಮೊನ್ನೆ ಅವನ ಫೋನು ಬಂತು. "ಹಬ್ಬಕ್ಕ ಬಾರವಾ, ನೀ ಇಲ್ಲದ ಮನಿ ಭಣಭಣ ಅಂತದ."

"ಬರ್ತೇನಿ. ಆದ್ರ ನನಗೊಂದು ಖೋಲಿ ಬೇಕು. ಬಾಗಲಾ ಹಾಕ್ಕೊಳ್ಳುವಂಥಾದ್ದು" ಎಂದೆ. ಅಣ್ಣನ ಮುಂದೆ ಬೇಕು ಎನ್ನುವ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

"ನಿಮ್ಮ ವೈನೀನ್ನ ಕೇಳಿ ಹೇಳ್ತೇನಿ" ಎಂದ ಅಣ್ಣ.

ನಾಳೆಯೇ ಹಬ್ಬ. ಅವನ ಫೋನು ಬಂದಿಲ್ಲ. ನಾನೂ ಚೀಲ ತುಂಬಿಲ್ಲ.